ಅಗಲದ ಮಾನಿಟರ್ ಕೊಳ್ಳುವ ಮುನ್ನ: ಮೊದಲು ಟೇಪು ಹಿಡಿಯಿರಿ

ಅಗಲದ ಮಾನಿಟರ್ ತಂದು ಬೇಜಾರಾದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅಕ್ಷರ ಮಬ್ಬಾಗಿ ಕಾಣುತ್ತೆ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಮೌಸ್ ತಡವರಿಸುತ್ತೆ. ಮೇಜಿನ ಮೇಲೆ ಇಟ್ಟ ಮೇಲೆ ಕೀಬೋರ್ಡ್‌ಗೆ ಜಾಗವೇ ಇಲ್ಲ. ಇದರಲ್ಲಿ ಮಾನಿಟರ್‌ನ ತಪ್ಪು ಕಡಿಮೆ, ಆರಿಸಿದ ಕ್ರಮದ ತಪ್ಪು ಜಾಸ್ತಿ. ಮೊದಲು ಇಂಚು ನೋಡುತ್ತೇವೆ, ಆಮೇಲೆ ಬೆಲೆ, ಆಮೇಲೆ ಬ್ಯಾಂಕ್ ಆಫರ್. ಮೇಜು, ಪೋರ್ಟ್, ಕೇಬಲ್ ನೆನಪಾಗುವುದು ಡಬ್ಬ ಮನೆಗೆ ಬಂದ ಮೇಲೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಏಳು ಹಂತ ಮುಗಿಯುವವರೆಗೆ ಶಾಪಿಂಗ್ ಆ್ಯಪ್ ತೆರೆಯಲೇಬೇಡಿ. ಈ ಬರಹ ಆಫೀಸ್ ಕೆಲಸ, ಕೋಡಿಂಗ್, ಎಕ್ಸೆಲ್, ಬರವಣಿಗೆ ಮಾಡಿ ಸಂಜೆ ಒಂದು ಸಿನಿಮಾನೋ ಗೇಮೋ ಅನ್ನುವವರಿಗೆ. ಬಣ್ಣವೇ ಹೊಟ್ಟೆಪಾಡಾಗಿರುವ ಫೋಟೊ, ಪ್ರಿಂಟ್ ಕೆಲಸದವರ ಲೆಕ್ಕ ಬೇರೆ.

## ಬೇಕಾಗುವ ಸಾಮಾನು

ಅಳತೆ ಟೇಪು, ಹಳೆ ಪೇಪರ್, ಕತ್ತರಿ, ಅಂಟಿಸಲು ಸೆಲ್ಲೋಟೇಪ್. ನಿಮ್ಮ ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ನಂಬರ್. ಸಾಮಾನ್ಯವಾಗಿ ತಳದ ಸ್ಟಿಕ್ಕರ್ ಮೇಲೆ ಇರುತ್ತೆ. ಒಂದು ಪೆನ್‌ಡ್ರೈವ್, ಅದರಲ್ಲಿ ನೀವು ದಿನಾ ಬಳಸುವ ಒಂದು ಎಕ್ಸೆಲ್ ಫೈಲ್, ಒಂದು ಪುಟ ಕನ್ನಡ ಬರಹದ ಪಿಡಿಎಫ್, ಮತ್ತೆ ಬರೀ ಕಪ್ಪು, ಬರೀ ಬಿಳಿ, ಬರೀ ಕೆಂಪು, ಹಸಿರು, ನೀಲಿ ಬಣ್ಣದ ಐದು ಚಿತ್ರಗಳು. ಇಷ್ಟೇ.

## ಹಂತ 1: ಇಂಚು ಬಿಡಿ, ಎತ್ತರ ನೋಡಿ

ಇಂಚು ಅಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ. ಎಲ್ಲ ಪರದೆಗಳ ಆಕಾರವೂ ಒಂದೇ ಆಗಿದ್ದರೆ ಇದರಿಂದ ಹೋಲಿಸಬಹುದು. ಆಕಾರ ಬದಲಾದರೆ ಈ ಅಳತೆ ದಾರಿ ತಪ್ಪಿಸುತ್ತೆ.

ಇವತ್ತಿನ ಮಾಮೂಲಿ ಮಾನಿಟರ್‌ಗಳು 16:9 ಆಕಾರದವು, ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. ಅಂಗಡಿಯವರು ‘ಅಲ್ಟ್ರಾವೈಡ್’ ಅನ್ನುವುದು 21:9ಕ್ಕೆ. ಅದಕ್ಕಿಂತ ಅಗಲದ್ದು 32:9. ಸುಮಾರು ಅಳತೆ ಹೀಗಿರುತ್ತೆ, ಅಗಲ ಮೊದಲು, ಎತ್ತರ ಆಮೇಲೆ, ಸೆಂಟಿಮೀಟರ್‌ನಲ್ಲಿ:

- 24 ಇಂಚು, 16:9: 53 × 30
- 27 ಇಂಚು, 16:9: 60 × 34
- 32 ಇಂಚು, 16:9: 71 × 40
- 29 ಇಂಚು, 21:9: 67 × 28
- 34 ಇಂಚು, 21:9: 80 × 33
- 49 ಇಂಚು, 32:9: 120 × 34

ಈ ಪಟ್ಟಿಯನ್ನು ಇನ್ನೊಂದು ಸಲ ನೋಡಿ. 29 ಇಂಚಿನ ಅಲ್ಟ್ರಾವೈಡ್, 24 ಇಂಚಿನ ಮಾಮೂಲಿ ಪರದೆಗಿಂತ ಗಿಡ್ಡ! ‘24ರಿಂದ 29ಕ್ಕೆ ಹೋಗ್ತಿದ್ದೀನಿ, ದೊಡ್ಡದಾಗುತ್ತೆ’ ಅಂದುಕೊಂಡು ತಂದವರು ಮೊದಲ ದಿನವೇ ಮುಖ ಸಪ್ಪೆ ಮಾಡಿಕೊಳ್ಳುವುದು ಇದಕ್ಕೇ. 34 ಇಂಚಿನದು 27 ಇಂಚಿನಷ್ಟೇ ಎತ್ತರ, ಪಕ್ಕಕ್ಕೆ ಮಾತ್ರ ಇನ್ನೊಂದು 20 ಸೆಂಟಿಮೀಟರ್. 49 ಇಂಚು ಅಂದರೆ ಎರಡು 27 ಇಂಚಿನ ಪರದೆಗಳನ್ನು ನಡುವೆ ಗೆರೆಯಿಲ್ಲದೆ ಜೋಡಿಸಿದಂತೆ.

ಈಗ ನಿಮ್ಮ ಕೆಲಸ ಯಾವ ಕಡೆಗೆ ಬೆಳೆಯುತ್ತೆ ಅಂತ ಕೇಳಿಕೊಳ್ಳಿ. ಎಕ್ಸೆಲ್‌ನಲ್ಲಿ ಕಾಲಂ ಜಾಸ್ತಿಯೋ, ವಿಡಿಯೊ ಎಡಿಟಿಂಗ್‌ನ ಟೈಮ್‌ಲೈನೋ, ಒಂದು ಕಡೆ ಕೋಡ್ ಇನ್ನೊಂದು ಕಡೆ ಬ್ರೌಸರೋ ಆದರೆ ಅಗಲ ಬೇಕು. ಉದ್ದುದ್ದ ಡಾಕ್ಯುಮೆಂಟ್ ಓದುವುದು, ಬರೆಯುವುದು ಆದರೆ ಎತ್ತರ ಬೇಕು. ಅಂಥವರಿಗೆ 27 ಅಥವಾ 32 ಇಂಚಿನ 16:9 ಪರದೆಯೇ ಸಾಕು, ಸುಮ್ನೆ ಅಲ್ಟ್ರಾವೈಡ್‌ಗೆ ದುಡ್ಡು ಹಾಕಬೇಡಿ.

ಇನ್ನೊಂದು ಗುಂಪಿನವರೂ ಯೋಚಿಸಬೇಕು: ದಿನಕ್ಕೆ ನಾಲ್ಕೈದು ಮೀಟಿಂಗ್‌ನಲ್ಲಿ ಸ್ಕ್ರೀನ್ ಷೇರ್ ಮಾಡುವವರು. ನಿಮ್ಮ 21:9 ಪರದೆ ಪೂರ್ತಿ ಷೇರ್ ಮಾಡಿದರೆ ಆ ಕಡೆಯ ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಅದು ತೆಳ್ಳಗಿನ ಪಟ್ಟಿ, ಅಕ್ಷರ ಇರುವೆ ಸಾಲು. ಒಂದೇ ವಿಂಡೊ ಷೇರ್ ಮಾಡುವ ಅಭ್ಯಾಸ ಇದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಎರಡು 24 ಇಂಚಿನ ಪರದೆಗಳೇ ವಾಸಿ: ಒಂದು ಜನಕ್ಕೆ ತೋರಿಸಲು, ಇನ್ನೊಂದು ನಿಮಗೆ.

## ಹಂತ 2: ಪೇಪರ್ ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿ

ಆರಿಸಿದ ಅಳತೆಗೆ ಹಳೆ ಪೇಪರ್ ಅಂಟಿಸಿ ಕತ್ತರಿಸಿ. 34 ಇಂಚಾದರೆ 80 × 33. ಅಂಚಿನ ಚೌಕಟ್ಟಿಗೆ ಒಂದೆರಡು ಸೆಂಟಿಮೀಟರ್ ಜಾಸ್ತಿ ಬಿಡಿ. ಅದನ್ನು ಮಾನಿಟರ್ ಬರುವ ಜಾಗದಲ್ಲಿ ರಟ್ಟಿಗೆ ಒರಗಿಸಿ ನಿಲ್ಲಿಸಿ. ಹತ್ತು ನಿಮಿಷ ಎದುರಿಗೆ ಕೂತು ಎಡ ಮೂಲೆ, ಬಲ ಮೂಲೆ ನೋಡಿ. ಕತ್ತು ತಿರುಗಿಸಬೇಕಾಗಿ ಬಂದರೆ ಪರದೆ ತೀರಾ ಹತ್ತಿರ ಇದೆ, ಇಲ್ಲವೇ ತೀರಾ ಅಗಲ.

ಅಳೆಯಬೇಕಾದ್ದು ಮೂರು.

ಒಂದು, ಮೇಜಿನ ಆಳ. ಕಣ್ಣಿಗೂ ಪರದೆಗೂ ನಡುವೆ 60ರಿಂದ 75 ಸೆಂಟಿಮೀಟರ್ ಇರಬೇಕು. ಮೇಜಿನ ಆಳ 60 ಇದ್ದು, ಮಾನಿಟರ್ ಸ್ಟ್ಯಾಂಡೇ 25 ನುಂಗಿದರೆ, ಪರದೆ ಮೂಗಿನ ಹತ್ತಿರಕ್ಕೆ ಬರುತ್ತೆ. ಸ್ಟ್ಯಾಂಡಿನ ಆಳ ಎಷ್ಟು ಅನ್ನುವುದು ಕಂಪನಿಯ ಪುಟದಲ್ಲಿ ‘ಸ್ಟ್ಯಾಂಡ್ ಸಹಿತ ಅಳತೆ’ ಅಂತ ಇರುತ್ತೆ. ಮೂರು ಅಂಕಿಗಳಲ್ಲಿ ಕೊನೆಯದು ಸಾಮಾನ್ಯವಾಗಿ ಅದೇ.

ಎರಡು, ಅಕ್ಕಪಕ್ಕ ಮತ್ತು ಮೇಲೆ. ಹಳೆಯ ಕಂಪ್ಯೂಟರ್ ಟೇಬಲ್‌ಗಳಿಗೆ ಎರಡು ಕಡೆ ಹಲಗೆ, ಮೇಲೊಂದು ಶೆಲ್ಫ್ ಇರುತ್ತೆ. ಆ ಗೂಡಿನೊಳಗಿನ ಅಗಲ ಅಳೆಯಿರಿ, ಮೇಜಿನ ಹೊರ ಅಗಲ ಅಲ್ಲ. ಪರದೆಯ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಗೋ ಬರಬೇಕು, ಅದಕ್ಕೆ ಶೆಲ್ಫ್ ಅಡ್ಡ ಬರುತ್ತಾ ನೋಡಿ.

ಮೂರು, ಕಿಟಕಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮಧ್ಯಾಹ್ನ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತೆ. ಹೊಳಪಿನ ಪರದೆ ಬೇಡ, ಮ್ಯಾಟ್ ತಗೊಳ್ಳಿ.

ಆಳ ಸಾಲದಿದ್ದರೆ ಮಾನಿಟರ್ ಆರ್ಮ್, ಅಂದರೆ ಮೇಜಿನ ಅಂಚಿಗೆ ಬಿಗಿದು ಪರದೆಯನ್ನು ಹಿಡಿದಿಡುವ ತೋಳು, ಒಳ್ಳೆಯ ದಾರಿ. ಪರದೆಯನ್ನು ಗೋಡೆಗೆ ತಾಗಿಸಿದಂತೆ ಹಿಂದಕ್ಕೆ ತಳ್ಳಬಹುದು. ಆದರೆ ಮಾನಿಟರ್ ಹಿಂದೆ ವೇಸಾ ತೂತುಗಳು (ಆರ್ಮ್‌ನ ಸ್ಕ್ರೂ ಕೂರುವ ನಾಲ್ಕು ತೂತು) ಇರಬೇಕು. ಸಾಮಾನ್ಯವಾಗಿ 100 × 100 ಮಿಲಿಮೀಟರ್, ಕೆಲವಕ್ಕೆ 75 × 75. ಅಗ್ಗದ ಕೆಲವು ಮಾಡೆಲ್‌ಗಳಿಗೆ ಇದು ಇರುವುದೇ ಇಲ್ಲ. ಆರ್ಮ್ ಹೊರುವ ತೂಕವನ್ನು ಸ್ಟ್ಯಾಂಡ್ ಇಲ್ಲದ ಮಾನಿಟರ್ ತೂಕದ ಜೊತೆ ಹೋಲಿಸಿ.

ಎಚ್ಚರಿಕೆ: ಗಾಜಿನ ಮೇಜಿಗೆ ಆರ್ಮ್‌ನ ಕ್ಲ್ಯಾಂಪ್ ಬಿಗಿಯಲೇಬೇಡಿ. ಪಾರ್ಟಿಕಲ್ ಬೋರ್ಡ್ ಮೇಜಾದರೆ ಮೇಲೂ ಕೆಳಗೂ ಕಬ್ಬಿಣದ ತಟ್ಟೆ ಕೊಟ್ಟು ಬಿಗಿಯಿರಿ. ಇಲ್ಲದಿದ್ದರೆ ಕೆಲವು ತಿಂಗಳಲ್ಲಿ ಹಲಗೆ ಪುಡಿಪುಡಿಯಾಗಿ ಉದುರಲು ಶುರುವಾಗುತ್ತೆ.

## ಹಂತ 3: ಲ್ಯಾಪ್‌ಟಾಪ್‌ನ ತೂತು ಏನು ಕೊಡಬಲ್ಲದು?

ಜನ ಅತಿ ಜಾಸ್ತಿ ಎಡವುವುದು ಇಲ್ಲೇ. ಮಾನಿಟರ್ 144 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಅನ್ನುವ ಲೆಕ್ಕ) ಅಂತ ಡಬ್ಬದ ಮೇಲೆ ಬರೆದಿದ್ದರೆ ಅದು ಮಾನಿಟರ್‌ನ ತಾಕತ್ತು ಮಾತ್ರ. ನಿಮ್ಮ ಲ್ಯಾಪ್‌ಟಾಪ್, ಕೇಬಲ್, ನಡುವಿನ ಹಬ್ (ಒಂದು ತೂತನ್ನು ಹಲವು ತೂತು ಮಾಡುವ ಡಬ್ಬಿ), ಮಾನಿಟರ್ ಈ ನಾಲ್ಕರಲ್ಲಿ ಯಾವುದು ಸೋಲುತ್ತೋ ಅದರ ಮಟ್ಟಕ್ಕೇ ಎಲ್ಲ ಇಳಿಯುತ್ತೆ.

ಎಚ್‌ಡಿಎಂಐ. ತೂತು ನೋಡಲು ಎಲ್ಲ ಒಂದೇ ಥರ. ಒಳಗಿನ ಆವೃತ್ತಿ ಬೇರೆ ಬೇರೆ. ಮಾಡೆಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ. 1.4 ಇದ್ದರೆ 4ಕೆ (3840 × 2160 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ) ಪರದೆಗೆ 30 ಹರ್ಟ್ಸ್ ಅಷ್ಟೇ ಸಿಗುತ್ತೆ. 3440 × 1440 ಅಲ್ಟ್ರಾವೈಡ್ ಕೂಡ 50 ಅಥವಾ 30ಕ್ಕೆ ನಿಂತುಬಿಡುವುದು ಸಾಮಾನ್ಯ. 2.0 ಇದ್ದರೆ 4ಕೆಗೆ 60, 3440 × 1440ಕ್ಕೆ 100ರವರೆಗೆ. 2.1 ಇದ್ದರೆ ಸಾಮಾನ್ಯವಾಗಿ ಈ ಚಿಂತೆ ಬೇಡ.

ಡಿಸ್‌ಪ್ಲೇಪೋರ್ಟ್. ಡೆಸ್ಕ್‌ಟಾಪ್ ಇದ್ದವರು ಇದನ್ನೇ ಬಳಸಿ. 1.4 ಆವೃತ್ತಿ 3440 × 1440ಕ್ಕೆ 144 ಹರ್ಟ್ಸ್ ಸಲೀಸಾಗಿ ಕೊಡುತ್ತೆ. ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ತೂತಿಗೇ ಹಾಕಿ, ಮದರ್‌ಬೋರ್ಡಿನದಕ್ಕಲ್ಲ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿದು, ಕೇಬಲನ್ನು ಮದರ್‌ಬೋರ್ಡಿನ ತೂತಿಗೆ ಹಾಕಿ ‘ಗೇಮ್ ಸ್ಲೋ’ ಅನ್ನುವವರು ಈಗಲೂ ಸಿಗುತ್ತಾರೆ.

ಯುಎಸ್‌ಬಿ-ಸಿ. ಎಲ್ಲಕ್ಕಿಂತ ಗೋಜಲು ಇಲ್ಲಿದೆ. ಎಲ್ಲ ಸಿ ತೂತುಗಳೂ ಚಿತ್ರ ಕಳಿಸುವುದಿಲ್ಲ. ಕೆಲವು ಬರೀ ಫೈಲ್ ಕಾಪಿಗೆ, ಕೆಲವು ಚಾರ್ಜಿಂಗ್‌ಗೂ ಸೇರಿ. ತೂತಿನ ಪಕ್ಕ ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್ (ಚಿತ್ರವನ್ನೂ ಕಳಿಸಬಲ್ಲ ವೇಗದ ಸಿ ತೂತು) ಇರಬಹುದು, ಡಿಯೊಳಗೆ ಪಿ ಇರುವ ಚಿಕ್ಕ ಗುರುತಿದ್ದರೆ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಬರುತ್ತೆ. ಗುರುತು ಇಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ, ಮಾಡೆಲ್ ಪುಟವೇ ಗತಿ. ಅಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’, ‘ಥಂಡರ್‌ಬೋಲ್ಟ್’ ಅಥವಾ ‘ಯುಎಸ್‌ಬಿ 4’ ಅನ್ನುವ ಮಾತು ಇದೆಯಾ ನೋಡಿ.

ಒಂದೇ ಸಿ ಕೇಬಲ್‌ನಿಂದ ಚಿತ್ರವೂ ಚಾರ್ಜೂ ಆಗಬೇಕು ಅಂದರೆ ಮಾನಿಟರ್ ಎಷ್ಟು ವಾಟ್ ಕೊಡುತ್ತೆ ನೋಡಿ. ಆಫೀಸಿನ ತೆಳು ಲ್ಯಾಪ್‌ಟಾಪ್‌ಗೆ 65 ಸಾಕು, ದಪ್ಪದ್ದಕ್ಕೆ 90 ಬೇಕು. 15 ವಾಟ್ ಅಂತ ಇದ್ದರೆ ಅದು ಫೋನಿಗೆ. ಗೇಮಿಂಗ್ ಲ್ಯಾಪ್‌ಟಾಪ್‌ಗೆ ಅದರದೇ ಚಾರ್ಜರ್ ಇರಲಿ.

ಹಬ್ ಹಾಕುವವರೇ, ಕಡಿಮೆ ಬೆಲೆಯ ಹಬ್‌ಗಳ ಎಚ್‌ಡಿಎಂಐ ಬಹಳ ಸಲ ‘4ಕೆ, 30 ಹರ್ಟ್ಸ್’ಗೆ ನಿಲ್ಲುತ್ತೆ. 30 ಹರ್ಟ್ಸ್‌ನಲ್ಲಿ ಮೌಸ್ ಬಾಣ ತುಂಡುತುಂಡಾಗಿ ಹಾರುತ್ತೆ. ಬಹಳ ಜನ ಇದನ್ನು ಮಾನಿಟರ್ ಡಿಫೆಕ್ಟ್ ಅಂತ ವಾಪಸ್ ಕಳಿಸುತ್ತಾರೆ.

ಮ್ಯಾಕ್‌ಬುಕ್ ಏರ್ ಎಂ1, ಎಂ2 ಇದ್ದವರಿಗೆ ಒಂದು ಮಾತು: ಅವು ಹೊರಗಿನ ಒಂದೇ ಒಂದು ಪರದೆಯನ್ನು ನೇರವಾಗಿ ನಡೆಸುತ್ತವೆ. ಎರಡು ಪರದೆಯ ಆಸೆ ಇದ್ದರೆ ಒಂದು ಅಗಲದ ಪರದೆಯೇ ಸುಲಭದ ಪರಿಹಾರ.

## ಹಂತ 4: ರೆಸಲ್ಯೂಷನ್, ಅದೂ ಕನ್ನಡ ಓದುವವರಿಗೆ

ಇಲ್ಲಿ ನೋಡಬೇಕಾದ ಅಂಕಿ ಒಂದೇ: ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್. ಲೆಕ್ಕ ಹಾಕುವ ಕಷ್ಟ ಬೇಡ, ಸಿದ್ಧ ಉತ್ತರ ಇಲ್ಲಿದೆ.

- 24 ಇಂಚು, 1920 × 1080: ಸುಮಾರು 92
- 27 ಇಂಚು, 1920 × 1080: ಸುಮಾರು 82
- 27 ಇಂಚು, 2560 × 1440: ಸುಮಾರು 109
- 29 ಇಂಚು, 2560 × 1080: ಸುಮಾರು 96
- 34 ಇಂಚು, 2560 × 1080: ಸುಮಾರು 82
- 34 ಇಂಚು, 3440 × 1440: ಸುಮಾರು 110
- 27 ಇಂಚು, 4ಕೆ: ಸುಮಾರು 163

82 ಇರುವ ಎರಡು ಸಾಲುಗಳನ್ನು ಪಟ್ಟಿಯಿಂದಲೇ ಹೊಡೆದುಹಾಕಿ. 34 ಇಂಚಿನದು ‘ಭಾರಿ ಕಡಿಮೆ ಬೆಲೆಗೆ’ ಅಂತ ಕಂಡರೆ ರೆಸಲ್ಯೂಷನ್ ನೋಡಿ. 2560 × 1080 ಆಗಿರುವ ಸಂಭವ ಜಾಸ್ತಿ.

ಇಂಗ್ಲಿಷ್ ಮಾತ್ರ ಓದುವವರು 82ರಲ್ಲೂ ಹೇಗೋ ಸಂಭಾಳಿಸಿಕೊಂಡು ಹೋಗಬಹುದು. ಕನ್ನಡಕ್ಕೆ ಆಗುವುದಿಲ್ಲ. ನಮ್ಮ ಅಕ್ಷರಗಳ ವ್ಯತ್ಯಾಸ ಇರುವುದೇ ಚಿಕ್ಕ ಚಿಕ್ಕ ಗೀಟುಗಳಲ್ಲಿ. ‘ದ’ ‘ಧ’ ಆಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ‘ಪ’ ‘ಷ’ ಆಗುವುದು ಹೊಟ್ಟೆಯೊಳಗಿನ ಒಂದು ಗೀಟಿನಿಂದ. ಪಿಕ್ಸೆಲ್ ದಪ್ಪ ಇದ್ದರೆ ಆ ಸೀಳು ಮುಚ್ಚಿಕೊಳ್ಳುತ್ತೆ. ಒತ್ತಕ್ಷರದ ಪಾಡಂತೂ ಕೇಳಲೇಬೇಡಿ. ಅಂಗಡಿಯಲ್ಲಿ ಈ ಪದಗಳನ್ನು 11 ಪಾಯಿಂಟ್‌ನಲ್ಲಿ ತೆರೆದು ನೋಡಿ: ರಾಷ್ಟ್ರ, ಲಕ್ಷ್ಮಿ, ಸಾಮರ್ಥ್ಯ, ಧೃತರಾಷ್ಟ್ರ. ‘ಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಬೇರೆ ಬೇರೆಯಾಗಿ ಕಂಡರೆ ಆ ಪರದೆ ಪಾಸ್. ಕಪ್ಪು ಮುದ್ದೆಯಾಗಿ ಕಂಡರೆ ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕೂರಲು ಆಗುವುದಿಲ್ಲ.

ನನ್ನ ಲೆಕ್ಕದಲ್ಲಿ ಕನ್ನಡ ಟೈಪ್ ಮಾಡುವವರಿಗೆ 109 ಕನಿಷ್ಠ. ಡಿಟಿಪಿ, ಪ್ರೂಫ್ ಕೆಲಸದವರು 27 ಇಂಚಿನ 4ಕೆಗೆ ಹೋಗಿ, ಅಗಲದ ಆಸೆ ಬಿಡಿ. ಎರಡು ಪರದೆಯಷ್ಟು ಜಾಗ ಬೇಕೇಬೇಕು ಅನ್ನದ ಮ್ಯಾಕ್ ಬಳಕೆದಾರರಿಗೂ ಇದೇ ಸಲಹೆ. ಲ್ಯಾಪ್‌ಟಾಪ್‌ನ ರೆಟಿನಾ ಪರದೆ ನೋಡಿ ಅಭ್ಯಾಸವಾದ ಕಣ್ಣಿಗೆ 110ರ ಅಕ್ಷರ ಮೆತ್ತಗೆ ಕಾಣುತ್ತೆ.

## ಹಂತ 5: ಪ್ಯಾನೆಲ್

ಪ್ಯಾನೆಲ್ ಅಂದರೆ ಚಿತ್ರ ಮೂಡಿಸುವ ಒಳಗಿನ ಪರದೆ; ಐಪಿಎಸ್, ವಿಎ, ಒಎಲ್‌ಇಡಿ ಅದರ ಬಗೆಗಳು. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಫೀಸ್ ಕೆಲಸಕ್ಕೆ ಐಪಿಎಸ್. ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ, ಅಗಲದ ಪರದೆಯಲ್ಲಿ ಮೂಲೆಗಳು ಓರೆಯಲ್ಲೇ ಕಾಣುವುದರಿಂದ ಇದು ಮುಖ್ಯ.

ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವುದು ಜಾಸ್ತಿ ಅಂದರೆ ವಿಎ. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸುಮಾರು 1000:1, ವಿಎಯದು 3000:1 ಆಸುಪಾಸು. ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುತ್ತೆ. ಅಗ್ಗದ ವಿಎಯಲ್ಲಿ ಕಪ್ಪು ಹಿನ್ನೆಲೆಯ ಪುಟ ಸರಸರ ಸ್ಕ್ರಾಲ್ ಮಾಡಿದರೆ ಅಕ್ಷರದ ಹಿಂದೆ ಮಸಿ ಬಳಿದಂತೆ ನೆರಳು ಬರುತ್ತೆ. ಡಾರ್ಕ್ ಮೋಡ್‌ನಲ್ಲಿ ಕೋಡ್ ಬರೆಯುವವರು ಇದನ್ನು ಅಂಗಡಿಯಲ್ಲೇ ನೋಡಿ.

ಒಎಲ್‌ಇಡಿ ಕಣ್ಣಿಗೆ ಹಬ್ಬ. ಆದರೆ ಟಾಸ್ಕ್‌ಬಾರ್, ಎಕ್ಸೆಲ್ ರಿಬ್ಬನ್ ಇಂಥವು ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅದರ ಗುರುತು ಪರದೆಯಲ್ಲೇ ಉಳಿದುಬಿಡಬಹುದು. ಆಫೀಸ್ ಕೆಲಸಕ್ಕೆ ನಾನಂತೂ ಬೇಡ ಅಂತೀನಿ.

## ಹಂತ 6: ಬಾಗಿದ್ದೋ, ಚಪ್ಪಟೆಯೋ?

1800ಆರ್, 1500ಆರ್, 1000ಆರ್ ಅಂತ ಬರೆದಿರುತ್ತಾರಲ್ಲ, ಅದು ಬಾಗಿನ ತ್ರಿಜ್ಯ, ಮಿಲಿಮೀಟರ್‌ನಲ್ಲಿ. ಅಂಕಿ ಚಿಕ್ಕದಾದಷ್ಟೂ ಬಾಗು ಜಾಸ್ತಿ. 34 ಇಂಚು ಮತ್ತು ಮೇಲಿನದಕ್ಕೆ ಸ್ವಲ್ಪ ಬಾಗು ಇದ್ದರೆ ಒಳ್ಳೆಯದು, ಮೂಲೆಗಳು ಕಣ್ಣಿನ ಹತ್ತಿರ ಬರುತ್ತವೆ. 27 ಮತ್ತು 29ಕ್ಕೆ ಬಾಗು ಬರೀ ಶೋಕಿ. ನೇರ ಗೆರೆಗಳ ಕೆಲಸ, ಅಂದರೆ ಕಟ್ಟಡದ ನಕ್ಷೆ, ಪುಟ ವಿನ್ಯಾಸ ಮಾಡುವವರು ಚಪ್ಪಟೆಯದನ್ನೇ ತಗೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡುವುದಿದ್ದರೂ ಅದೇ.

## ಹಂತ 7: ಡಬ್ಬದ ಮೇಲಿನ ಯಾವ ಅಂಕಿ ನಂಬಬಾರದು

‘1 ಎಂಎಸ್’ (ಪರದೆ ಚಿತ್ರ ಬದಲಿಸುವ ಚುರುಕು, ಮಿಲಿಸೆಕೆಂಡಿನಲ್ಲಿ) ಅಂದರೆ ಬಹಳ ಸಲ ಪರದೆಯನ್ನು ಮಂಕು ಮಾಡುವ ಒಂದು ವಿಶೇಷ ಮೋಡ್‌ನಲ್ಲಿ ಮಾತ್ರ ಸಿಗುವ ಅಂಕಿ. ‘ಎಚ್‌ಡಿಆರ್ 10 ಸಪೋರ್ಟ್’ ಅಂದರೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ ಚಿತ್ರ) ಸಿಗ್ನಲ್ ತಗೊಳ್ಳುತ್ತೆ ಅಂತ, ಚೆನ್ನಾಗಿ ತೋರಿಸುತ್ತೆ ಅಂತಲ್ಲ. ‘ಡಿಸ್‌ಪ್ಲೇಎಚ್‌ಡಿಆರ್ 400’ ಕೂಡ ಎಚ್‌ಡಿಆರ್ ಗುಣಮಟ್ಟದ ಪಟ್ಟಿಯ ಅತಿ ಕೆಳಗಿನ ಮೆಟ್ಟಿಲು. ಕೋಟಿಗಟ್ಟಲೆ ‘ಡೈನಮಿಕ್ ಕಾಂಟ್ರಾಸ್ಟ್’ ಅಂಕಿಗೆ ಅರ್ಥವೇ ಇಲ್ಲ.

ನಂಬಬಹುದಾದ್ದು: ರೆಸಲ್ಯೂಷನ್, ಸ್ಟ್ಯಾಂಡ್ ಎತ್ತರ ಬದಲಿಸಬಹುದಾ, ವೇಸಾ ಇದೆಯಾ, ಯುಎಸ್‌ಬಿ-ಸಿ ವಾಟ್ ಎಷ್ಟು, ಎಸ್‌ಆರ್‌ಜಿಬಿ (ಕಂಪ್ಯೂಟರ್‌ನ ಮಾಮೂಲಿ ಬಣ್ಣಗಳ ವ್ಯಾಪ್ತಿ) ಶೇ 99ರ ಆಸುಪಾಸು ಇದೆಯಾ. ರಿಫ್ರೆಶ್ ರೇಟ್ ವಿಷಯಕ್ಕೆ ಬಂದರೆ 60ರಿಂದ 100ಕ್ಕೆ ಹೋದರೆ ಸ್ಕ್ರಾಲ್ ಮಾಡುವಾಗಲೇ ವ್ಯತ್ಯಾಸ ಗೊತ್ತಾಗುತ್ತೆ. ಗೇಮ್ ಆಡದವರಿಗೆ ಅದಕ್ಕಿಂತ ಮೇಲೆ ದುಡ್ಡು ದಂಡ.

## ಹಂತ 8: ಬೆಲೆ, ಬಿಲ್ಲು, ವಾರಂಟಿ

ಈಗ ಆ್ಯಪ್ ತೆರೆಯಿರಿ. ಹಳೆಯ ಬೆಲೆ ಹೋಲಿಕೆಗಳನ್ನು ನಂಬಬೇಡಿ. ಮೊದಲು 32 ಇಂಚಿನವರೆಗೆ ಶೇ 18 ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 18. ‘34 ಇಂಚಿಗೆ ಟ್ಯಾಕ್ಸ್ ಜಾಸ್ತಿ’ ಅನ್ನುವ ಹಳೆ ಸಲಹೆ ಈಗ ನಡೆಯುವುದಿಲ್ಲ. ಸ್ವಂತ ಜಿಎಸ್‌ಟಿ ನಂಬರ್ ಇದ್ದವರು ಬಿಲ್ಲಿನಲ್ಲಿ ಅದನ್ನು ಹಾಕಿಸಿಕೊಳ್ಳಿ.

ಬೆಂಗಳೂರಿನವರಾದರೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಪೆನ್‌ಡ್ರೈವ್ ಹಿಡಿದು ಹೋಗಿ. ಡೆಮೊ ವಿಡಿಯೊದಲ್ಲಿ ಎಲ್ಲ ಪರದೆಯೂ ಮಿನುಗುತ್ತೆ, ಅದನ್ನು ನಿಲ್ಲಿಸಿ ನಿಮ್ಮ ಎಕ್ಸೆಲ್, ನಿಮ್ಮ ಕನ್ನಡ ಪುಟ ತೆರೆಸಿ. ‘ಬಿಲ್ ಇಲ್ದೆ ಆದ್ರೆ ಕಮ್ಮಿ ಮಾಡಿ ಕೊಡ್ತೀನಿ ಸಾರ್’ ಅಂದರೆ ನಯವಾಗಿ ಬೇಡ ಅನ್ನಿ. ಬಿಲ್ ಇಲ್ಲದೆ ವಾರಂಟಿ ಕೇಳಲು ಹೋದರೆ ಬರಿಗೈಯಲ್ಲಿ ವಾಪಸ್ ಬರಬೇಕಾಗಬಹುದು.

ತಾಲ್ಲೂಕು ಊರಿನವರು ಕಂಪನಿಯ ಕಸ್ಟಮರ್ ಕೇರ್‌ಗೆ ಮೊದಲೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್‌ಗೆ ಮನೆಗೇ ಬಂದು ರಿಪೇರಿ ಮಾಡುತ್ತಾರಾ ಕೇಳಿ. 34 ಇಂಚಿನ ಗಾಜನ್ನು ಬಸ್ಸಿನಲ್ಲಿ ಸರ್ವಿಸ್ ಸೆಂಟರ್‌ಗೆ ಹೊತ್ತುಕೊಂಡು ಹೋಗುವುದು ಯಾರಿಗೂ ಬೇಡ. ಡೆಡ್ ಪಿಕ್ಸೆಲ್ (ಹೊತ್ತಿಕೊಳ್ಳದೆ ಸತ್ತ ಚುಕ್ಕೆ) ಎಷ್ಟಿದ್ದರೆ ಬದಲಿಸಿಕೊಡುತ್ತಾರೆ ಅನ್ನುವುದನ್ನೂ ಆಗಲೇ ಕೇಳಿ. ಒಂದೋ ಎರಡೋ ಇದ್ದರೆ ‘ಅದು ಸಹಜ’ ಅನ್ನುವ ಕಂಪನಿಗಳಿವೆ. ಅಮೆರಿಕದಿಂದ ಬರುವ ಅಣ್ಣನ ಕೈಲಿ ತರಿಸುವ ಯೋಚನೆ ಇದ್ದರೆ, ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತಾ ಅಂತ ಬರಹದಲ್ಲಿ ಖಚಿತ ಮಾಡಿಕೊಳ್ಳಿ.

## ಹಂತ 9: ಡಬ್ಬ ಬಂದ ದಿನ

1. ಡಬ್ಬ ಒಡೆಯುವ ಮೊದಲೇ ವಿಡಿಯೊ ಶುರು ಮಾಡಿ. ವಿಳಾಸದ ಚೀಟಿ, ಸೀಲ್, ಸೀರಿಯಲ್ ನಂಬರ್, ಪರದೆ ಮೊದಲ ಸಲ ಹೊತ್ತಿಕೊಂಡದ್ದು, ಎಲ್ಲ ಒಂದೇ ಶಾಟ್‌ನಲ್ಲಿ ಬರಲಿ. ಸಾಗಣೆಯಲ್ಲಿ ಒಡೆದದ್ದಕ್ಕೆ ವಾರಂಟಿ ಇರುವುದಿಲ್ಲ, ಈ ವಿಡಿಯೊವೇ ಸಾಕ್ಷಿ.

2. ಪರದೆಯನ್ನು ಥರ್ಮಾಕೋಲ್‌ನಲ್ಲೇ ಮಲಗಿಸಿಟ್ಟು ಸ್ಟ್ಯಾಂಡ್ ಸಿಕ್ಕಿಸಿ, ಆಮೇಲೆ ಸ್ಟ್ಯಾಂಡ್ ಹಿಡಿದು ಎತ್ತಿ. ಬಾಗಿದ ಪರದೆಯನ್ನು ಮಂಚದ ಮೇಲೆ ಮುಖ ಕೆಳಗೆ ಮಾಡಿ ಒತ್ತಿದರೆ ಅಲ್ಲಿಗೆ ಮುಗಿಯಿತು. ಮುಂಭಾಗಕ್ಕೆ ಬೆರಳು ಊರಬೇಡಿ, ಇನ್ನೊಬ್ಬರ ಕೈ ಸಹಾಯ ತಗೊಳ್ಳಿ.

3. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ‘ರೆಕಮೆಂಡೆಡ್’ ಅಂತ ಇರುವ ರೆಸಲ್ಯೂಷನ್ ಹಾಕಿ. ಆಮೇಲೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ನೀವೇ ಬದಲಿಸಿ. ಬಹಳ ಸಲ ಅದು 60ರಲ್ಲೇ ಕೂತಿರುತ್ತೆ. 100 ಹರ್ಟ್ಸ್ ಪರದೆಯನ್ನು ವರ್ಷಗಟ್ಟಲೆ 60ರಲ್ಲಿ ಓಡಿಸುವವರಿದ್ದಾರೆ. ಬೇಕಾದ ಅಂಕಿ ಪಟ್ಟಿಯಲ್ಲೇ ಇಲ್ಲದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ, ಮೊದಲು ಕೇಬಲ್ ಬದಲಿಸಿ ನೋಡಿ.

4. ರಾತ್ರಿ ಲೈಟ್ ಆರಿಸಿ ಪೆನ್‌ಡ್ರೈವ್‌ನ ಐದು ಬಣ್ಣಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ. ಬಿಳಿಯಲ್ಲಿ ಕಪ್ಪು ಚುಕ್ಕೆ, ಕಪ್ಪಿನಲ್ಲಿ ಹೊಳೆಯುವ ಚುಕ್ಕೆ ಹುಡುಕಿ. ಕಪ್ಪಿನಲ್ಲಿ ಮೂಲೆಗಳು ಬೆಳ್ಳಗೆ ಕಂಡರೆ ತಲೆ ಆಚೀಚೆ ಮಾಡಿ. ಬೆಳಕು ಜೊತೆಗೇ ಸರಿದಾಡಿದರೆ ಅದು ಐಪಿಎಸ್‌ನ ಗುಣ, ಬಿಡಿ. ಒಂದೇ ಜಾಗದಲ್ಲಿ ಹಳದಿ ಕಲೆಯಂತೆ ನಿಂತರೆ ಅಂಚಿನಿಂದ ಬೆಳಕು ಸೋರುತ್ತಿದೆ, ಫೋಟೊ ತೆಗೆದು ಬದಲಿ ಕೇಳಿ.

5. ಬ್ರೈಟ್‌ನೆಸ್ ಇಳಿಸಿ. ಕಂಪನಿಯಿಂದ ಬರುವಾಗ ಕಣ್ಣು ಕುಕ್ಕುವಷ್ಟು ಇರುತ್ತೆ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ, ಎರಡೂ ಒಂದೇ ಥರ ಕಾಣುವಷ್ಟಕ್ಕೆ ತನ್ನಿ.

6. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಪರದೆಯನ್ನು ಮೂರು ಭಾಗ ಮಾಡುವ ನಮೂನೆಗಳು ಬರುತ್ತವೆ. ಅದು ಸಾಲದಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್‌ನಲ್ಲಿ ಫ್ಯಾನ್ಸಿಝೋನ್ಸ್ ಇದೆ. ಇದನ್ನು ಹಾಕಿಕೊಳ್ಳದಿದ್ದರೆ ಒಂದೇ ಬ್ರೌಸರ್ ಅಷ್ಟಗಲಕ್ಕೂ ಹರಡಿಕೊಂಡು, ಎರಡೂ ಬದಿ ಬರೀ ಬಿಳಿ ಜಾಗ ನೋಡುತ್ತಾ ಕೂರಬೇಕಾಗುತ್ತೆ.

ಡಬ್ಬ, ಥರ್ಮಾಕೋಲ್ ಎರಡನ್ನೂ ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಅಟ್ಟದ ಮೇಲಿಡಿ. ಅದಿಲ್ಲದೆ ವಾಪಸ್ ತಗೊಳ್ಳಲು ಬಂದ ಹುಡುಗ ಮಾನಿಟರ್ ಮುಟ್ಟುವುದೂ ಇಲ್ಲ.